ಸೂರ್ಯನ ಗರ್ಭದಲ್ಲಿ ಅಷ್ಟೊಂದು ಇಂಧನವಿದ್ದರೂ ಅದು ಒಮ್ಮೆಲೇ ಸಿಡಿಯುವುದಿಲ್ಲವೇಕೆ?

ತಾರಾಪಥ:

ನಾಲ್ಕು ಹೈಡ್ರೋಜನ್ ನ್ಯೂಕ್ಲಿಯಸ್‌ಗಳು ಸೇರಿ ಒಂದು ಹೀಲಿಯಂ ನ್ಯೂಕ್ಲಿಯಸ್ ಆಗುವಾಗ ಸ್ವಲ್ಪ ದ್ರವ್ಯರಾಶಿ ಕಡಿಮೆಯಾಗುತ್ತದೆ, ಆ ಕೊರತೆಯೇ ಶಕ್ತಿಯಾಗಿ ಹೊರಬಂದು ನಕ್ಷತ್ರವನ್ನು ಬೆಳಗಿಸುತ್ತದೆ ಎಂಬಷ್ಟನ್ನು ನಾವೆಲ್ಲ ಶಾಲೆಯಲ್ಲೇ ಓದಿರುತ್ತೇವೆ. ನನ್ನನ್ನು ಕಾಡುವ ಪ್ರಶ್ನೆ ಅದರ ಮುಂದಿನದು. ಹೈಡ್ರೋಜನ್ ಬಾಂಬಿನಲ್ಲಿಯೂ ನಡೆಯುವುದು ಸಮ್ಮಿಲನವೇ, ಮತ್ತು ಅಲ್ಲಿ ಎಲ್ಲವೂ ಕಣ್ಣು ಮಿಟುಕಿಸುವಷ್ಟರೊಳಗೆ ಮುಗಿದುಹೋಗುತ್ತದೆ. ಸೂರ್ಯನ ಗರ್ಭದಲ್ಲಿ ಇಂಧನವಿದೆ, ಸುಮಾರು 1.5 ಕೋಟಿ ಡಿಗ್ರಿ ತಾಪವಿದೆ, ಊಹೆಗೆ ನಿಲುಕದ ಒತ್ತಡವಿದೆ. ಆದರೂ ಆ ಇಂಧನ ಸುಮಾರು 460 ಕೋಟಿ ವರ್ಷಗಳಿಂದ ಒಂದೇ ಹದದಲ್ಲಿ ಖರ್ಚಾಗುತ್ತ ಬಂದಿದೆ. ಅದನ್ನು ತಡೆದು ಹಿಡಿದಿರುವುದು ಯಾವುದು? ಜೊತೆಗೆ ಇನ್ನೊಂದು ಮಾತು: ಯಾರೂ ಹೋಗಿ ನೋಡಲಾಗದ ಜಾಗದ ಬಗ್ಗೆ ವಿಜ್ಞಾನಿಗಳು ಇಷ್ಟು ಖಚಿತವಾಗಿ ಮಾತನಾಡುವುದಕ್ಕೆ ಆಧಾರವೇನು?

ಬೀಜಕಣ:

ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರವೆಂದರೆ, ಸೂರ್ಯನಲ್ಲಿ ನಡೆಯುವ ಸಮ್ಮಿಲನ ಅತ್ಯಂತ ನಿಧಾನವಾದ, ಬಹುಪಾಲು ವಿಫಲವಾಗುತ್ತಲೇ ಇರುವ ಕ್ರಿಯೆ. ಅದನ್ನು ಹೊರಗಿನಿಂದ ಯಾರೂ ತಡೆದು ಹಿಡಿಯಬೇಕಾಗಿಲ್ಲ, ಅದು ತಾನಾಗಿಯೇ ನಡೆಯಲು ಒಲ್ಲೆನೆನ್ನುತ್ತದೆ.

ಎರಡು ಪ್ರೋಟಾನ್‌ಗಳನ್ನು ಊಹಿಸಿಕೊಳ್ಳಿ. ಎರಡೂ ಧನ ವಿದ್ಯುದಂಶ ಹೊಂದಿರುವುದರಿಂದ ಹತ್ತಿರ ಬಂದಷ್ಟೂ ಒಂದನ್ನೊಂದು ಬಲವಾಗಿ ದೂಡುತ್ತವೆ. ಪ್ರಬಲ ಬೈಜಿಕ ಬಲ ಅವನ್ನು ಹಿಡಿದುಕೊಳ್ಳಬೇಕಾದರೆ ಅವು ಹೆಚ್ಚುಕಡಿಮೆ ಒಂದಕ್ಕೊಂದು ತಾಗುವಷ್ಟು ಸಮೀಪಿಸಬೇಕು, ಮತ್ತು ಆ ವಿಕರ್ಷಣೆಯ ಗೋಡೆಯನ್ನು ಹತ್ತಿ ದಾಟಲು ಸುಮಾರು 10 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಸೂರ್ಯನ ಕೇಂದ್ರದಲ್ಲಿ ಒಂದು ಪ್ರೋಟಾನಿನ ಸರಾಸರಿ ಶಕ್ತಿ ಸುಮಾರು 2 ಸಾವಿರ ಎಲೆಕ್ಟ್ರಾನ್ ವೋಲ್ಟ್ ಮಾತ್ರ, ಅಂದರೆ ಬೇಕಾದುದರ ಐನೂರನೇ ಒಂದು ಭಾಗ. ಹಳೆಯ ಭೌತವಿಜ್ಞಾನದ ಲೆಕ್ಕದಲ್ಲಿ ಸೂರ್ಯ ಬೆಳಗಲೇಬಾರದು. 1928ರಲ್ಲಿ ಜಾರ್ಜ್ ಗ್ಯಾಮೋ ಕ್ವಾಂಟಂ ಸುರಂಗ ಪರಿಣಾಮವನ್ನು ಬಳಸಿ ಆಲ್ಫಾ ವಿಕಿರಣವನ್ನು ವಿವರಿಸಿದ ಮೇಲೆ, ಮರುವರ್ಷವೇ ರಾಬರ್ಟ್ ಅಟ್ಕಿನ್ಸನ್ ಮತ್ತು ಫ್ರಿಟ್ಸ್ ಹೌಟರ್‌ಮನ್ಸ್ ಅದೇ ಉಪಾಯವನ್ನು ನಕ್ಷತ್ರಗಳಿಗೆ ಅನ್ವಯಿಸಿದರು. ಗೋಡೆಯನ್ನು ಹತ್ತುವಷ್ಟು ಶಕ್ತಿಯಿಲ್ಲದ ಕಣವೂ ಅದರ ಆಚೆ ಕಾಣಿಸಿಕೊಳ್ಳುವ ಸಣ್ಣ ಸಂಭಾವ್ಯತೆ ಇದ್ದೇ ಇರುತ್ತದೆ. ನಕ್ಷತ್ರಗಳು ಬದುಕಿರುವುದು ಆ ಸಣ್ಣ ಸಂಭಾವ್ಯತೆಯ ಮೇಲೆ.

ಇಷ್ಟಾದರೂ ಕೆಲಸ ಮುಗಿಯುವುದಿಲ್ಲ, ಮತ್ತು ಜನಪ್ರಿಯ ಬರಹಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿ ಇದೇ. ಎರಡು ಪ್ರೋಟಾನ್‌ಗಳು ಮಾತ್ರ ಸೇರಿದ ಸ್ಥಿರ ನ್ಯೂಕ್ಲಿಯಸ್ ಎಂಬುದು ಪ್ರಕೃತಿಯಲ್ಲಿ ಇಲ್ಲ. ಅವು ಕೂಡಿದ ಆ ಅತ್ಯಲ್ಪ ಕ್ಷಣದಲ್ಲಿ ಒಂದು ಪ್ರೋಟಾನ್ ನ್ಯೂಟ್ರಾನ್ ಆಗಿ ಬದಲಾದರೆ ಮಾತ್ರ ಡ್ಯೂಟೀರಿಯಂ (ಒಂದು ಪ್ರೋಟಾನ್, ಒಂದು ನ್ಯೂಟ್ರಾನ್ ಇರುವ ಭಾರ ಹೈಡ್ರೋಜನ್) ಉಳಿಯುತ್ತದೆ, ಒಂದು ಪಾಸಿಟ್ರಾನ್ (ಧನ ವಿದ್ಯುದಂಶದ ಎಲೆಕ್ಟ್ರಾನ್) ಮತ್ತು ಒಂದು ನ್ಯೂಟ್ರಿನೋ (ದ್ರವ್ಯದೊಡನೆ ಬಹುತೇಕ ವರ್ತಿಸದ ಅತಿ ಹಗುರ ಕಣ) ಹೊರಬೀಳುತ್ತವೆ. ಈ ಬದಲಾವಣೆಯನ್ನು ಮಾಡಬೇಕಾದುದು ದುರ್ಬಲ ಬಲ, ಮತ್ತು ಅದು ಹೆಸರಿಗೆ ತಕ್ಕಂತೆಯೇ ಇದೆ. ಗೋಡೆಯನ್ನು ದಾಟಿದ ಜೋಡಿಗಳಲ್ಲಿಯೂ ಬಹುತೇಕ ಎಲ್ಲವೂ ಏನೂ ಆಗದೆ ಮತ್ತೆ ಬೇರೆಯಾಗುತ್ತವೆ. ಒಟ್ಟು ಫಲವೆಂದರೆ, ಸೂರ್ಯನ ಕೇಂದ್ರದಲ್ಲಿರುವ ಒಂದು ಪ್ರೋಟಾನ್ ಸೆಕೆಂಡಿಗೆ ಲೆಕ್ಕವಿಲ್ಲದಷ್ಟು ಸಲ ಡಿಕ್ಕಿ ಹೊಡೆಯುತ್ತಿದ್ದರೂ, ಯಶಸ್ವಿಯಾಗಿ ಡ್ಯೂಟೀರಿಯಂ ಆಗಲು ಸರಾಸರಿ ಸುಮಾರು 900 ಕೋಟಿ ವರ್ಷ ಕಾಯಬೇಕು. ಈ ಕ್ರಿಯೆ ಎಷ್ಟು ಅಪರೂಪವೆಂದರೆ ಸೂರ್ಯನಲ್ಲಿರುವ ಶಕ್ತಿಮಟ್ಟದಲ್ಲಿ ಅದರ ದರವನ್ನು ಪ್ರಯೋಗಾಲಯದಲ್ಲಿ ಅಳೆಯಲು ಸಾಧ್ಯವಾಗಿಲ್ಲ, ಸಿದ್ಧಾಂತದಿಂದ ಲೆಕ್ಕ ಹಾಕಿಯೇ ಬಳಸಲಾಗುತ್ತದೆ. ಡ್ಯೂಟೀರಿಯಂ ಒಮ್ಮೆ ಆಯಿತೆಂದರೆ ಉಳಿದದ್ದು ಸಲೀಸು: ಅದು ಕೆಲವೇ ಸೆಕೆಂಡುಗಳಲ್ಲಿ ಇನ್ನೊಂದು ಪ್ರೋಟಾನನ್ನು ಹಿಡಿದು ಹೀಲಿಯಂ-3 ಆಗುತ್ತದೆ, ಮುಂದೆ ಎರಡು ಹೀಲಿಯಂ-3 ನ್ಯೂಕ್ಲಿಯಸ್‌ಗಳು ಸೇರಿ ಒಂದು ಹೀಲಿಯಂ-4 ಮತ್ತು ಎರಡು ಬಿಡಿ ಪ್ರೋಟಾನ್‌ಗಳಾಗುತ್ತವೆ.

ಬಾಂಬಿನ ಹೋಲಿಕೆ ದಾರಿ ತಪ್ಪಿಸುವುದು ಇಲ್ಲಿಯೇ. ಬಾಂಬಿನಲ್ಲಿ ಇರುವುದು ಸಾಧಾರಣ ಹೈಡ್ರೋಜನ್ ಅಲ್ಲ, ನ್ಯೂಟ್ರಾನನ್ನು ಈಗಾಗಲೇ ಹೊತ್ತಿರುವ ಡ್ಯೂಟೀರಿಯಂ ಮತ್ತು ಟ್ರೈಟಿಯಂ. ಅಲ್ಲಿ ದುರ್ಬಲ ಬಲಕ್ಕಾಗಿ ಕಾಯಬೇಕಾದ ಮೊದಲ ಮೆಟ್ಟಿಲೇ ಇಲ್ಲ.

ಸಂದೇಹಿ:

ಬೀಜಕಣ ಅವರ ವಿವರಣೆ ಸ್ಪಷ್ಟವಾಗಿದೆ, ಆದರೆ ಅದನ್ನು ಒಪ್ಪಿಕೊಂಡರೆ ಬೇರೊಂದು ತೊಡಕು ಹುಟ್ಟುತ್ತದೆ. ಸೂರ್ಯ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನನ್ನು ಹೀಲಿಯಂ ಆಗಿಸುತ್ತಾನೆ ಮತ್ತು ಆ ಪೈಕಿ 42 ಲಕ್ಷ ಟನ್‌ಗಳಷ್ಟು ರಾಶಿ ಶಕ್ತಿಯಾಗಿ ಹೋಗುತ್ತದೆ ಎಂದು ಎಲ್ಲೆಡೆ ಓದುತ್ತೇವೆ. ಇಷ್ಟೊಂದು ಖರ್ಚು ಮಾಡುವ ಕ್ರಿಯೆಯನ್ನು ನಿಧಾನವೆಂದು ಕರೆಯುವುದು ಹೇಗೆ?

ಬೀಜಕಣ:

ಆ ಅಂಕಿಗಳನ್ನು ಸೂರ್ಯನ ಗಾತ್ರದಿಂದ ಭಾಗಿಸಿ ನೋಡಿ, ಸಂಶಯ ಉಳಿಯುವುದಿಲ್ಲ. ಸೂರ್ಯನ ಒಟ್ಟು ರಾಶಿ ಸುಮಾರು 2 × 10³⁰ ಕಿಲೋಗ್ರಾಂ, ಹೊರಸೂಸುವ ಶಕ್ತಿ ಸುಮಾರು 3.8 × 10²⁶ ವ್ಯಾಟ್. ಹಾಗಾದರೆ ಒಂದು ಕಿಲೋಗ್ರಾಂಗೆ ಬರುವುದು ಒಂದು ವ್ಯಾಟಿನ ಐದು ಸಾವಿರದಲ್ಲಿ ಒಂದು ಭಾಗ. ಸಮ್ಮಿಲನ ಅತಿ ಬಿರುಸಾಗಿರುವ ನಟ್ಟ ನಡುವಿನಲ್ಲಿಯೂ ಒಂದು ಘನ ಮೀಟರಿನಿಂದ ಹುಟ್ಟುವುದು ಮುನ್ನೂರು ವ್ಯಾಟ್‌ಗಿಂತ ಕಡಿಮೆ. ಸುಮ್ಮನೆ ಕುಳಿತಿರುವ ಮನುಷ್ಯನ ದೇಹ ಸುಮಾರು ನೂರು ವ್ಯಾಟ್ ಶಾಖವನ್ನು ಬಿಡುತ್ತದೆ. ಅದರ ಗಾತ್ರ ಘನ ಮೀಟರಿನ ಹದಿನಾಲ್ಕನೇ ಒಂದು ಭಾಗದಷ್ಟು. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಸೂರ್ಯನ ಗರ್ಭಕ್ಕಿಂತ ನಮ್ಮ ಮೈಯೇ ನಾಲ್ಕೈದು ಪಟ್ಟು ಹೆಚ್ಚು ಶಾಖ ಉತ್ಪಾದಿಸುತ್ತದೆ. ಸೂರ್ಯ ಪ್ರಖರನಾಗಿರುವುದು ಅವನು ದೊಡ್ಡವನಾಗಿರುವುದರಿಂದ.

ಧ್ರುವ:

ಇದುವರೆಗಿನ ಮಾತಿಗೆ ಒಂದು ತಿದ್ದುಪಡಿ ಸೇರಿಸಲೇಬೇಕಾಗಿದೆ, ಏಕೆಂದರೆ ‘ಸಮ್ಮಿಲನವೇ ನಕ್ಷತ್ರವನ್ನು ಬಿಸಿ ಮಾಡುತ್ತದೆ’ ಎಂಬ ಗ್ರಹಿಕೆ ಇಲ್ಲಿಯೂ ಮೆಲ್ಲಗೆ ನುಸುಳಿದಂತೆ ಕಾಣುತ್ತದೆ. ನಕ್ಷತ್ರವನ್ನು ಬಿಸಿ ಮಾಡುವುದು ಗುರುತ್ವ. ಅನಿಲದ ಮೋಡವೊಂದು ತನ್ನದೇ ತೂಕದಿಂದ ಕುಸಿಯುವಾಗ ಬಿಡುಗಡೆಯಾಗುವ ಶಕ್ತಿಯಲ್ಲಿ ಸುಮಾರು ಅರ್ಧ ಹೊರಗೆ ಸೋರಿಹೋಗುತ್ತದೆ, ಉಳಿದ ಅರ್ಧ ಒಳಗೇ ನಿಂತು ತಾಪವನ್ನು ಏರಿಸುತ್ತದೆ. ಸೂರ್ಯ ಹುಟ್ಟುವ ಕಾಲದಲ್ಲಿ, ಕೇಂದ್ರದಲ್ಲಿ ಹೈಡ್ರೋಜನ್ ಸಮ್ಮಿಲನ ನೆಲೆಗೊಳ್ಳುವ ಮೊದಲೇ ಅವನು ಕೋಟ್ಯಂತರ ವರ್ಷ ಹೀಗೆ ಕುಗ್ಗುತ್ತ ಬೆಳಗಿದ್ದಾನೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಹೆಲ್ಮ್‌ಹೋಲ್ಟ್ಸ್ ಮತ್ತು ಲಾರ್ಡ್ ಕೆಲ್ವಿನ್ ಈ ಕುಗ್ಗುವಿಕೆಯೇ ಸೂರ್ಯನ ಶಕ್ತಿಯ ಮೂಲವೆಂದು ಲೆಕ್ಕ ಹಾಕಿದ್ದರು. ಅವರ ಭೌತವಿಜ್ಞಾನದಲ್ಲಿ ದೋಷವೇನೂ ಇರಲಿಲ್ಲ. ಇಂದಿನ ಪ್ರಖರತೆಯಲ್ಲಿ ಆ ದಾಸ್ತಾನು ಸುಮಾರು 3 ಕೋಟಿ ವರ್ಷಗಳಿಗೆ ಸಾಕಾಗುತ್ತದೆ ಎಂಬುದು ಇಂದಿಗೂ ಸರಿಯಾದ ಲೆಕ್ಕವೇ. ಆದರೆ ಬಂಡೆಗಳ ಪದರಗಳನ್ನು ಓದುತ್ತಿದ್ದ ಭೂವಿಜ್ಞಾನಿಗಳಿಗೆ ಮತ್ತು ಜೀವವಿಕಾಸವನ್ನು ಪ್ರತಿಪಾದಿಸುತ್ತಿದ್ದ ಡಾರ್ವಿನ್‌ನಿಗೆ ಆ ಕಾಲಾವಧಿ ಯಾವ ಮೂಲೆಗೂ ಸಾಲುತ್ತಿರಲಿಲ್ಲ.

ಹಾಗಾದರೆ ಸಮ್ಮಿಲನದ ಕೆಲಸವೇನು? ಮೇಲ್ಮೈಯಿಂದ ಸೋರಿಹೋಗುವ ಶಕ್ತಿಯನ್ನು ಒಳಗಿನಿಂದ ತುಂಬಿಕೊಡುವುದು, ಆ ಮೂಲಕ ಕುಗ್ಗುವಿಕೆಯನ್ನು ನಿಲ್ಲಿಸುವುದು, ಅಷ್ಟೆ. ಗರ್ಭದಲ್ಲಿ ಸಮ್ಮಿಲನ ಅಗತ್ಯಕ್ಕಿಂತ ಸ್ವಲ್ಪ ಜೋರಾಯಿತೆಂದರೆ ಅಲ್ಲಿನ ಒತ್ತಡ ಹೆಚ್ಚಿ ಗರ್ಭ ಹಿಗ್ಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ, ತಣ್ಣಗಾದಾಗ ಸಮ್ಮಿಲನ ಇಳಿಯುತ್ತದೆ. ಮಂದವಾದರೆ ಇದರ ತಿರುಗುಮುರುಗು. ತಾಪ ಏರಿದಾಗ ಹಿಗ್ಗಲು ಅವಕಾಶವಿರುವವರೆಗೆ ನಕ್ಷತ್ರ ಸಿಡಿಯುವುದಿಲ್ಲ, ಮತ್ತು ತಾರಾಪಥ ಅವರ ಪ್ರಶ್ನೆಗೆ ಇದು ಉತ್ತರದ ಉಳಿದರ್ಧ ಎಂದು ನನ್ನ ಅಭಿಪ್ರಾಯ.

ಸಂದೇಹಿ:

‘ಸಮ್ಮಿಲನದ ಹೊರಮುಖ ಒತ್ತಡ ಗುರುತ್ವವನ್ನು ಸರಿದೂಗಿಸುತ್ತದೆ’ ಎಂದು ಅನೇಕ ಪುಸ್ತಕಗಳು ಬರೆಯುತ್ತವಲ್ಲ, ಹಾಗಾದರೆ ಅವೆಲ್ಲ ತಪ್ಪೇ?

ಧ್ರುವ:

ತಪ್ಪೆನ್ನುವುದಕ್ಕಿಂತ ಎರಡು ಹೆಜ್ಜೆಗಳನ್ನು ಒಂದಾಗಿಸಿದ ಅವಸರದ ವಾಕ್ಯವದು. ಗುರುತ್ವವನ್ನು ಎತ್ತಿ ಹಿಡಿದಿರುವುದು ಬಿಸಿ ಅನಿಲದ ಒತ್ತಡ. ಸೂರ್ಯನ ನಡುವಿನಲ್ಲಿ ಸಾಂದ್ರತೆ ನೀರಿನ ಸುಮಾರು 150 ಪಟ್ಟು, ಆದರೂ ಅಲ್ಲಿನ ದ್ರವ್ಯ ಅನಿಲದಂತೆಯೇ ವರ್ತಿಸುತ್ತದೆ, ಏಕೆಂದರೆ ಪರಮಾಣುಗಳು ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡು ಬರಿಯ ಕಣಗಳಾಗಿ ಓಡಾಡುತ್ತಿರುತ್ತವೆ. ಒತ್ತಡ ಹುಟ್ಟುವುದು ಆ ಓಡಾಟದಿಂದ. ಸಮ್ಮಿಲನ ಆ ಓಡಾಟ ಸೊರಗದಂತೆ ನೋಡಿಕೊಳ್ಳುತ್ತದೆ. ಭಾರಿ ನಕ್ಷತ್ರಗಳಲ್ಲಿ ಬೆಳಕಿನ ಒತ್ತಡವೂ ಗಣನೀಯ ಪಾಲು ಪಡೆಯುತ್ತದೆ, ಸೂರ್ಯನಲ್ಲಿ ಅದು ನಗಣ್ಯ.

ಓದುಗ:

ಇತಿಹಾಸದ ಕಡೆಯಿಂದ ಒಂದೆರಡು ಮಾತು. 1920ರಲ್ಲಿ ಫ್ರಾನ್ಸಿಸ್ ಆಸ್ಟನ್ ಹೀಲಿಯಂ ಪರಮಾಣು ನಾಲ್ಕು ಹೈಡ್ರೋಜನ್ ಪರಮಾಣುಗಳಿಗಿಂತ ಸುಮಾರು ಶೇ 0.7ರಷ್ಟು ಹಗುರವೆಂದು ಅಳೆದು ತೋರಿಸಿದರು. ಅದೇ ವರ್ಷ ಆರ್ಥರ್ ಎಡಿಂಗ್‌ಟನ್ ಆ ಕೊರತೆಯೇ ನಕ್ಷತ್ರಗಳ ಶಕ್ತಿಯ ಮೂಲವಾಗಿರಬಹುದೆಂದು ಸಾರ್ವಜನಿಕವಾಗಿ ವಾದಿಸಿದರು. ನಕ್ಷತ್ರಗಳು ಅದಕ್ಕೆ ಬೇಕಾದಷ್ಟು ಬಿಸಿಯಾಗಿಲ್ಲ ಎಂದು ಆಕ್ಷೇಪಿಸಿದವರಿಗೆ, ಇದಕ್ಕಿಂತ ಬಿಸಿಯಾದ ಜಾಗವಿದ್ದರೆ ಹುಡುಕಿಕೊಂಡು ಹೋಗಿ ಎಂಬರ್ಥದಲ್ಲಿ ಅವರು ಉತ್ತರಿಸಿದ್ದು ಪ್ರಸಿದ್ಧ. ಸುರಂಗ ಪರಿಣಾಮ ಇನ್ನೂ ಯಾರಿಗೂ ತಿಳಿಯದಿದ್ದ ಕಾಲದ ಮಾತದು ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನೂ ವಿಚಿತ್ರವೆಂದರೆ, ಆಗ ಸೂರ್ಯನಲ್ಲಿ ಹೈಡ್ರೋಜನ್ ಹೇರಳವಾಗಿದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಸೂರ್ಯನ ಸಂಯೋಜನೆ ಭೂಮಿಯಂತೆಯೇ ಇರಬೇಕೆಂದು ನಂಬಿದ್ದರು. ಮೇಘನಾದ ಸಾಹಾ ಅವರ ಅಯಾನೀಕರಣ ಸಮೀಕರಣವನ್ನು ನಕ್ಷತ್ರಗಳ ರೋಹಿತಕ್ಕೆ ಅನ್ವಯಿಸಿದ ಸೆಸಿಲಿಯಾ ಪೇನ್ 1925ರ ತಮ್ಮ ಪ್ರಬಂಧದಲ್ಲಿ ಹೈಡ್ರೋಜನ್ ಉಳಿದೆಲ್ಲ ಧಾತುಗಳಿಗಿಂತ ಅಗಾಧ ಪ್ರಮಾಣದಲ್ಲಿದೆ ಎಂಬ ಫಲಿತಾಂಶಕ್ಕೆ ಬಂದರು. ಹಿರಿಯ ಖಗೋಳವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಅದನ್ನು ಒಪ್ಪದ ಕಾರಣ, ಆ ಫಲಿತಾಂಶ ನಿಜವಿರಲಾರದು ಎಂಬ ಷರಾವನ್ನು ಅವರೇ ಪ್ರಬಂಧದಲ್ಲಿ ಸೇರಿಸಬೇಕಾಯಿತು. ನಾಲ್ಕು ವರ್ಷಗಳ ನಂತರ ರಸೆಲ್ ಬೇರೆ ದಾರಿಯಿಂದ ಅದೇ ನಿರ್ಣಯಕ್ಕೆ ತಲುಪಿದರು. ಶಕ್ತಿಯ ಮೂಲದ ಚರಿತ್ರೆಯಲ್ಲಿ ಪೇನ್ ಅವರ ಹೆಸರು ಸಮ್ಮಿಲನದ ಲೆಕ್ಕವನ್ನು ಬಿಡಿಸಿದ ಹಾನ್ಸ್ ಬೆಥೆಯ ಹೆಸರಿನಷ್ಟೇ ಮುಂದೆ ಬರಬೇಕು ಎಂದು ನನಗನ್ನಿಸುತ್ತದೆ, ಇಂಧನವೇ ಇಲ್ಲದೆ ಒಲೆಯ ಲೆಕ್ಕ ಹಾಕಲಾಗುವುದಿಲ್ಲ.

ಬೀಜಕಣ:

ಹಾನ್ಸ್ ಬೆಥೆಯ ಹೆಸರು ಬಂದುದರಿಂದ ಎರಡನೆಯ ಮಾರ್ಗವನ್ನೂ ಹೇಳಿಬಿಡುತ್ತೇನೆ. 1938ರಲ್ಲಿ ಅವರು ಚಾರ್ಲ್ಸ್ ಕ್ರಿಚ್‌ಫೀಲ್ಡ್ ಜೊತೆಗೂಡಿ ಪ್ರೋಟಾನ್-ಪ್ರೋಟಾನ್ ಸರಪಳಿಯ ಲೆಕ್ಕವನ್ನು ಬಿಡಿಸಿದರು, 1939ರಲ್ಲಿ ಇಂಗಾಲ-ಸಾರಜನಕ-ಆಮ್ಲಜನಕ ಚಕ್ರವನ್ನು ವಿವರವಾಗಿ ಪ್ರಕಟಿಸಿದರು. ಈ ಚಕ್ರವನ್ನು ಕಾರ್ಲ್ ಫಾನ್ ವೈಟ್ಸೆಕರ್ ಕೂಡ ಸ್ವತಂತ್ರವಾಗಿ ಕಂಡುಕೊಂಡಿದ್ದರು. ಇದರಲ್ಲಿ ಇಂಗಾಲ ವೇಗವರ್ಧಕವಾಗಿ ನಿಲ್ಲುತ್ತದೆ: ಒಂದರ ಹಿಂದೊಂದು ನಾಲ್ಕು ಪ್ರೋಟಾನ್‌ಗಳನ್ನು ನುಂಗಿ, ನಡುವೆ ಸಾರಜನಕವೂ ಆಮ್ಲಜನಕವೂ ಆಗಿ, ಕೊನೆಗೆ ಒಂದು ಹೀಲಿಯಂ ನ್ಯೂಕ್ಲಿಯಸ್ಸನ್ನು ಬಿಟ್ಟು ಮತ್ತೆ ಇಂಗಾಲವಾಗಿಯೇ ಉಳಿಯುತ್ತದೆ. ಎರಡೂ ಮಾರ್ಗಗಳಲ್ಲಿ ಸಿಗುವ ಶಕ್ತಿ ಒಂದೇ, ಒಂದು ಹೀಲಿಯಂಗೆ 26.7 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್.

ವ್ಯತ್ಯಾಸವಿರುವುದು ತಾಪಕ್ಕೆ ಅವು ಸ್ಪಂದಿಸುವ ರೀತಿಯಲ್ಲಿ. ಪ್ರೋಟಾನ್ ಸರಪಳಿಯ ದರ ಸೂರ್ಯನ ಪರಿಸ್ಥಿತಿಯಲ್ಲಿ ತಾಪದ ಸುಮಾರು ನಾಲ್ಕನೇ ಘಾತದಂತೆ ಏರಿದರೆ, ಇಂಗಾಲ ಚಕ್ರದ್ದು ಹದಿನಾರು-ಇಪ್ಪತ್ತನೇ ಘಾತದಂತೆ ಏರುತ್ತದೆ. ಆದ್ದರಿಂದ ಸೂರ್ಯನಲ್ಲಿ ಶೇ 1ರಷ್ಟು ಶಕ್ತಿಯನ್ನು ಮಾತ್ರ ಕೊಡುವ ಈ ಚಕ್ರ, ಸೂರ್ಯನಿಗಿಂತ ಸ್ವಲ್ಪವೇ ಭಾರವಾದ, ಹೆಚ್ಚು ಬಿಸಿ ಗರ್ಭದ ನಕ್ಷತ್ರಗಳಲ್ಲಿ ಯಜಮಾನಿಕೆಯನ್ನೇ ವಹಿಸಿಕೊಳ್ಳುತ್ತದೆ. ಪ್ರಾಸಂಗಿಕವಾಗಿ ಹೇಳುವುದಾದರೆ, ಈ ಚಕ್ರದ ಅತಿ ನಿಧಾನದ ಹೆಜ್ಜೆ ಸಾರಜನಕ-14 ಪ್ರೋಟಾನನ್ನು ಹಿಡಿಯುವುದು. ಹಾಗಾಗಿ ಚಕ್ರದೊಳಗಿನ ಇಂಗಾಲವೆಲ್ಲ ಬಹುಮಟ್ಟಿಗೆ ಸಾರಜನಕದ ರೂಪದಲ್ಲಿ ಶೇಖರವಾಗುತ್ತದೆ. ನಾವು ಉಸಿರಾಡುವ ಗಾಳಿಯ ಬಹುಭಾಗವಾಗಿರುವ ಸಾರಜನಕ ಹೆಚ್ಚಾಗಿ ಬಂದಿರುವುದು ಆ ಅಡಚಣೆಯಿಂದಲೇ.

ತಾರಾಪಥ:

ಇಷ್ಟು ಸವಿವರವಾಗಿ ಬರೆದಿರುವ ಎಲ್ಲರಿಗೂ ಧನ್ಯವಾದಗಳು. ಹೈಡ್ರೋಜನ್ ತೀರಿದ ಮೇಲಿನ ಕಥೆಯನ್ನೂ ಯಾರಾದರೂ ಮುಂದುವರಿಸಬಹುದೇ? ಕಬ್ಬಿಣದವರೆಗೆ ಹೋಗಿ ನಿಲ್ಲುತ್ತದೆ ಎಂದಷ್ಟೇ ಕೇಳಿದ್ದೇನೆ.

ಧ್ರುವ:

ಸೂರ್ಯನಂಥ ನಕ್ಷತ್ರದಲ್ಲಿ ಕೇಂದ್ರದ ಹೈಡ್ರೋಜನ್ ಮುಗಿದಾಗ ಹೀಲಿಯಂ ಗರ್ಭ ಕುಗ್ಗಿ ಇನ್ನಷ್ಟು ಬಿಸಿಯಾಗುತ್ತದೆ, ಅದರ ಸುತ್ತಲಿನ ಪದರದಲ್ಲಿ ಹೈಡ್ರೋಜನ್ ಸಮ್ಮಿಲನ ಬಿರುಸಾಗುತ್ತದೆ, ಹೊರಭಾಗ ಉಬ್ಬಿ ಕೆಂಪು ದೈತ್ಯವಾಗುತ್ತದೆ. ಹೀಲಿಯಂ ಕೂಡಲು ಸುಮಾರು 10 ಕೋಟಿ ಡಿಗ್ರಿ ಬೇಕು, ಅದರ ಜೊತೆಗೆ ಒಂದು ವಿಚಿತ್ರ ಅಡ್ಡಿಯೂ ಇದೆ. ಎರಡು ಹೀಲಿಯಂ ಸೇರಿದರೆ ಆಗುವ ಬೆರಿಲಿಯಂ-8, ಸೆಕೆಂಡಿನ ಕೋಟಿಯ ಕೋಟಿಯಲ್ಲೊಂದು ಪಾಲಿಗಿಂತಲೂ ಬೇಗ ಒಡೆದುಹೋಗುತ್ತದೆ. ಅಷ್ಟರೊಳಗೆ ಮೂರನೆಯ ಹೀಲಿಯಂ ಬಂದು ಸೇರಿದರೆ ಮಾತ್ರ ಇಂಗಾಲ. ಹಾಗೆ ಸೇರುವ ಸಾಧ್ಯತೆ ತೀರ ಕಡಿಮೆಯಾದ್ದರಿಂದ, ಇಂಗಾಲದ ನ್ಯೂಕ್ಲಿಯಸ್ಸಿಗೆ 7.65 ಮಿಲಿಯನ್ ಎಲೆಕ್ಟ್ರಾನ್ ವೋಲ್ಟಿನ ಸುತ್ತಮುತ್ತ ಒಂದು ಅನುಕೂಲಕರ ಶಕ್ತಿಮಟ್ಟ ಇರಲೇಬೇಕು ಎಂದು ಫ್ರೆಡ್ ಹಾಯ್ಲ್ 1953ರ ವೇಳೆಗೆ ವಾದಿಸಿದರು, ಕ್ಯಾಲ್‌ಟೆಕ್‌ನ ಪ್ರಯೋಗಕಾರರು ಹುಡುಕಿದಾಗ ಅದು ಸಿಕ್ಕಿತು. ಜಗತ್ತಿನಲ್ಲಿ ಇಂಗಾಲವಿದೆ ಎಂಬ ಒಂದೇ ಆಧಾರದ ಮೇಲೆ ನ್ಯೂಕ್ಲಿಯಸ್ಸಿನ ಗುಣವೊಂದನ್ನು ಮುಂದಾಗಿ ಹೇಳಿದ ಈ ವಾದ ನನಗೆ ಇಡೀ ವಿಷಯದಲ್ಲೇ ಅತ್ಯಂತ ಮೆಚ್ಚಿಗೆಯಾದದ್ದು.

ನಿಮ್ಮ ಮೊದಲ ಪ್ರಶ್ನೆಯ ‘ಸಿಡಿತ’ಕ್ಕೆ ಹತ್ತಿರವಾದ ಘಟನೆ ನಡೆಯುವುದೂ ಈ ಹಂತದಲ್ಲಿಯೇ. ಕುಗ್ಗಿದ ಹೀಲಿಯಂ ಗರ್ಭದಲ್ಲಿ ಒತ್ತಡ ಕ್ವಾಂಟಂ ನಿಯಮಗಳಿಂದ ಬರುವಂಥದ್ದು, ತಾಪವನ್ನು ಅವಲಂಬಿಸಿರುವುದಿಲ್ಲ. ಹಾಗಾಗಿ ಹೀಲಿಯಂ ಹೊತ್ತಿಕೊಂಡಾಗ ಗರ್ಭ ಬಿಸಿಯಾಗುತ್ತದೆ, ಆದರೆ ಹಿಗ್ಗುವುದಿಲ್ಲ. ನಾನು ಮೇಲೆ ಹೇಳಿದ ಹದ ತಪ್ಪಿ, ಅಲ್ಪಕಾಲ ಸಮ್ಮಿಲನ ಕೈಮೀರಿ ಓಡುತ್ತದೆ. ಆ ಶಕ್ತಿಯೆಲ್ಲ ಗರ್ಭವನ್ನು ಮತ್ತೆ ಸಾಧಾರಣ ಅನಿಲದ ಸ್ಥಿತಿಗೆ ತರಲು ವೆಚ್ಚವಾಗುವುದರಿಂದ ಹೊರಗಿನಿಂದ ನೋಡುವವರಿಗೆ ಏನೂ ಕಾಣುವುದಿಲ್ಲ.

ಬೀಜಕಣ:

ಕಬ್ಬಿಣದ ಕುರಿತು ಸಂಕ್ಷೇಪವಾಗಿ. ಸೂರ್ಯನ ಸುಮಾರು ಎಂಟು ಪಟ್ಟಿಗಿಂತ ಹೆಚ್ಚು ರಾಶಿಯ ನಕ್ಷತ್ರಗಳು ಮಾತ್ರ ಆ ಹಾದಿಯನ್ನು ಕೊನೆಯವರೆಗೆ ಸವೆಸುತ್ತವೆ, ಮತ್ತು ಪ್ರತಿ ಹಂತವೂ ಹಿಂದಿನದಕ್ಕಿಂತ ಚಿಕ್ಕದು. ಇಪ್ಪತ್ತೈದು ಸೌರರಾಶಿಯ ನಕ್ಷತ್ರದಲ್ಲಿ ಹೈಡ್ರೋಜನ್ ಹಂತ ಸುಮಾರು 70 ಲಕ್ಷ ವರ್ಷ ನಡೆದರೆ, ಇಂಗಾಲದ ಹಂತ ನೂರಾರು ವರ್ಷಗಳಲ್ಲಿ, ಸಿಲಿಕಾನ್ ಹಂತ ಒಂದು ದಿನದ ಆಸುಪಾಸಿನಲ್ಲಿ ಮುಗಿಯುತ್ತದೆ. ಸಿಲಿಕಾನಿಗೆ ಸಿಲಿಕಾನ್ ನೇರವಾಗಿ ಕೂಡುವುದಿಲ್ಲ. ಗಾಮಾ ಕಿರಣಗಳು ಕೆಲವು ನ್ಯೂಕ್ಲಿಯಸ್‌ಗಳನ್ನು ಚೂರು ಮಾಡುತ್ತವೆ, ಆ ಚೂರುಗಳು ಉಳಿದವಕ್ಕೆ ಅಂಟಿಕೊಳ್ಳುತ್ತವೆ, ಹೀಗೆ ಬಹುಪಾಲು ನಿಕ್ಕಲ್-56 ತಯಾರಾಗುತ್ತದೆ. ಅದು ವಿಕಿರಣಶೀಲ, ಕೋಬಾಲ್ಟ್-56ರ ಮೂಲಕ ಕಬ್ಬಿಣ-56 ಆಗುತ್ತದೆ. ಅತ್ಯಂತ ಬಿಗಿಯಾಗಿ ಬಂಧಿತವಾದ ನ್ಯೂಕ್ಲಿಯಸ್ ಕಬ್ಬಿಣ-56 ಎಂದು ಎಲ್ಲೆಡೆ ಬರೆದಿರುತ್ತದೆ, ಲೆಕ್ಕದ ಪ್ರಕಾರ ಆ ಸ್ಥಾನ ನಿಕ್ಕಲ್-62ಕ್ಕೆ ಸೇರಬೇಕು. ಈ ಎಲ್ಲೆಯಾಚೆ ಕೂಡಿಸಿದರೆ ಶಕ್ತಿ ಸಿಗುವುದಿಲ್ಲ, ಗರ್ಭ ಸೋರಿಕೆಯನ್ನು ತುಂಬಿಕೊಳ್ಳಲಾರದು, ಸುಮಾರು 1.4 ಸೌರರಾಶಿ ತಲುಪಿದೊಡನೆ ಒಂದು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಕುಸಿಯುತ್ತದೆ.

ಸಂದೇಹಿ:

ಭೂಮಿಯ ಮೇಲಿನ ಸಮ್ಮಿಲನ ರಿಯಾಕ್ಟರುಗಳು ಸೂರ್ಯನನ್ನು ಅನುಕರಿಸುತ್ತವೆ ಎಂಬ ಮಾತು ಈಗ ಅಷ್ಟೇನೂ ಸರಿಯಲ್ಲ ಎನ್ನಿಸುತ್ತಿದೆ.

ಬೀಜಕಣ:

ಸರಿಯಾಗಿಯೇ ಗುರುತಿಸಿದಿರಿ. ಘನ ಮೀಟರಿಗೆ ಮುನ್ನೂರು ವ್ಯಾಟ್ ಕೂಡ ಕೊಡದ ಯಂತ್ರವನ್ನು ಯಾರೂ ಕಟ್ಟುವುದಿಲ್ಲ. ಅದಕ್ಕಾಗಿಯೇ ಅಲ್ಲಿ ಡ್ಯೂಟೀರಿಯಂ ಮತ್ತು ಟ್ರೈಟಿಯಂ ಬಳಸುತ್ತಾರೆ, ಮತ್ತು ಗುರುತ್ವದ ಹಿಡಿತ ಇಲ್ಲದ ಕಾರಣ ಸೂರ್ಯನ ಗರ್ಭದ ಸುಮಾರು ಹತ್ತು ಪಟ್ಟು, ಅಂದರೆ 15 ಕೋಟಿ ಡಿಗ್ರಿಯ ತಾಪವನ್ನು ಗುರಿಯಾಗಿಟ್ಟುಕೊಳ್ಳುತ್ತಾರೆ.

ತಾರಾಪಥ:

ನನ್ನ ಎರಡನೆಯ ಪ್ರಶ್ನೆ ಇನ್ನೂ ಬಾಕಿಯಿದೆ. ಅದನ್ನು ಹೀಗೆ ಕೇಳುತ್ತೇನೆ: ಈ ಕ್ಷಣದಲ್ಲಿ ಸೂರ್ಯನೊಳಗಿನ ಸಮ್ಮಿಲನ ನಿಂತುಹೋದರೆ ನಮಗೆ ತಿಳಿಯುವುದು ಯಾವಾಗ?

ಧ್ರುವ:

ಬೆಳಕನ್ನು ಮಾತ್ರ ನೋಡುತ್ತ ಕುಳಿತರೆ ಸಾವಿರಾರು ವರ್ಷ ಏನೂ ತಿಳಿಯುವುದಿಲ್ಲ. ಗರ್ಭದಲ್ಲಿ ಹುಟ್ಟಿದ ಶಕ್ತಿ ಕಣದಿಂದ ಕಣಕ್ಕೆ ಚದುರುತ್ತ, ಹೀರಲ್ಪಟ್ಟು ಮತ್ತೆ ಸೂಸಲ್ಪಡುತ್ತ ಮೇಲ್ಮೈಗೆ ಬರಲು ಹತ್ತಾರು ಸಾವಿರ ವರ್ಷಗಳಿಂದ ಲಕ್ಷಕ್ಕೂ ಹೆಚ್ಚು ವರ್ಷ ಹಿಡಿಯುತ್ತದೆ ಎಂದು ಅಂದಾಜು. ಆಮೇಲೂ ಸೂರ್ಯ ಆರಿಹೋಗುವುದಿಲ್ಲ, ಕೆಲ್ವಿನ್ ಲೆಕ್ಕದಂತೆ ಮೆಲ್ಲಗೆ ಕುಗ್ಗುತ್ತ ಕೋಟ್ಯಂತರ ವರ್ಷ ಬೆಳಗುತ್ತಾನೆ.

ಆದರೆ ನ್ಯೂಟ್ರಿನೋಗಳು ಎಂಟೂಕಾಲು ನಿಮಿಷದಲ್ಲಿ ಸುದ್ದಿ ತರುತ್ತವೆ, ಏಕೆಂದರೆ ಅವು ಸೂರ್ಯನ ದೇಹವನ್ನು ಅಡ್ಡಿಯೇ ಇಲ್ಲದಂತೆ ದಾಟಿ ಬರುತ್ತವೆ. ಭೂಮಿಯ ಪ್ರತಿ ಚದರ ಸೆಂಟಿಮೀಟರನ್ನು ಸೆಕೆಂಡಿಗೆ ಸುಮಾರು 6,500 ಕೋಟಿ ಸೌರ ನ್ಯೂಟ್ರಿನೋಗಳು ಹಾದುಹೋಗುತ್ತವೆ. 1960ರ ದಶಕದ ಕೊನೆಯಲ್ಲಿ ರೇಮಂಡ್ ಡೇವಿಸ್ ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯ ಆಳದಲ್ಲಿ, ಬಟ್ಟೆ ಒಗೆಯುವ ಉದ್ಯಮದಲ್ಲಿ ಬಳಸುವ ಕ್ಲೋರಿನ್‌ಯುಕ್ತ ದ್ರವದ ಸುಮಾರು 3.8 ಲಕ್ಷ ಲೀಟರ್ ತುಂಬಿಸಿ ಅವನ್ನು ಎಣಿಸಲು ತೊಡಗಿದರು. ಸಿಕ್ಕಿದ್ದು ನಿರೀಕ್ಷೆಯ ಮೂರನೇ ಒಂದು ಭಾಗ. ಸೂರ್ಯನ ಮಾದರಿಯೇ ತಪ್ಪಿರಬೇಕೆಂದು ದಶಕಗಳ ಕಾಲ ಅನೇಕರು ಭಾವಿಸಿದರು. 2001 ಮತ್ತು 2002ರಲ್ಲಿ ಕೆನಡಾದ ಸಡ್‌ಬರಿ ವೀಕ್ಷಣಾಲಯ ಎಲ್ಲ ಬಗೆಯ ನ್ಯೂಟ್ರಿನೋಗಳನ್ನೂ ಎಣಿಸಿದಾಗ ಒಟ್ಟು ಸಂಖ್ಯೆ ಸರಿಹೋಯಿತು: ಅವು ದಾರಿಯಲ್ಲಿ ತಮ್ಮ ಬಗೆಯನ್ನು ಬದಲಿಸುತ್ತಿದ್ದವು, ಡೇವಿಸ್ ಅವರ ತೊಟ್ಟಿಗೆ ಕಾಣುತ್ತಿದ್ದುದು ಒಂದೇ ಬಗೆ.

ಇಟಲಿಯ ಗ್ರಾನ್ ಸಾಸ್ಸೋ ಪರ್ವತದ ಕೆಳಗಿದ್ದ ಬೊರೆಕ್ಸಿನೋ ಉಪಕರಣ 2014ರಲ್ಲಿ ಪ್ರೋಟಾನ್-ಪ್ರೋಟಾನ್ ಸರಪಳಿಯ ಮೊದಲ ಮೆಟ್ಟಿಲಿನ ನ್ಯೂಟ್ರಿನೋಗಳನ್ನೇ ನೇರವಾಗಿ ಗುರುತಿಸಿತು, 2020ರಲ್ಲಿ ಇಂಗಾಲ ಚಕ್ರದವುಗಳನ್ನೂ ಪತ್ತೆಹಚ್ಚಿತು. ನ್ಯೂಟ್ರಿನೋಗಳ ಎಣಿಕೆಯಿಂದ ಲೆಕ್ಕ ಹಾಕಿದ ಸೂರ್ಯನ ಶಕ್ತಿ, ಬೆಳಕಿನಿಂದ ಅಳೆದ ಶಕ್ತಿಗೆ ಸುಮಾರು ಶೇ 10ರ ಅನಿಶ್ಚಿತತೆಯೊಳಗೆ ಹೊಂದಿಕೊಳ್ಳುತ್ತದೆ. ಮೊದಲನೆಯದು ಗರ್ಭದಲ್ಲಿ ಎಂಟು ನಿಮಿಷದ ಹಿಂದೆ ಉತ್ಪನ್ನವಾದದ್ದು, ಎರಡನೆಯದು ಬಹುಶಃ ಲಕ್ಷ ವರ್ಷದ ಹಿಂದೆ ಉತ್ಪನ್ನವಾದದ್ದು. ಈ ನಡುವೆ ಉತ್ಪಾದನೆಯಲ್ಲಿ ಅಳತೆಗೆ ಸಿಗುವಷ್ಟು ಏರಿಳಿತ ಆಗಿಲ್ಲ.